ಜಪಾನಿನ ಗ್ರೇನ್ ವಿಸ್ಕಿ: ಎಷ್ಟು ಕಂಬ, ಅಷ್ಟು ತಿಳಿ

ಗ್ರೇನ್ ವಿಸ್ಕಿ ಎಂದರೆ ಮಾಲ್ಟ್‌ಗೆ (ಮೊಳಕೆ ಬಾರ್ಲಿಯ ವಿಸ್ಕಿಗೆ) ಬೆರೆಸುವ ಸಪ್ಪೆ ಮದ್ಯ ಎನ್ನುವವರಿದ್ದಾರೆ. ಜಪಾನಿನ ಬಾಟಲಿಗಳ ಮುಂದೆ ಆ ಮಾತು ನಿಲ್ಲುವುದಿಲ್ಲ. ಇದರಲ್ಲಿ ಬಹುಪಾಲು ಮೆಕ್ಕೆಜೋಳ. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಕ್ಕಾಗಿ ಮೊಳಕೆ ಬರಿಸಿದ ಬಾರ್ಲಿ ಒಂದಿಷ್ಟು. ಆದರೆ ರುಚಿಯ ಗುಟ್ಟಿರುವುದು ಭಟ್ಟಿಯಲ್ಲಿ.

ಮಾಲ್ಟ್ ವಿಸ್ಕಿಗೆ ತಾಮ್ರದ ಹಂಡೆ, ಗ್ರೇನ್ ವಿಸ್ಕಿಗೆ ಎತ್ತರದ ಕಂಬ. ಕಂಬದೊಳಗೆ ತೂತು ತಟ್ಟೆಗಳ ಸಾಲು. ಹುಳಿ ಬಂದ ದ್ರವ ಮೇಲಿನಿಂದ ಇಳಿಯುತ್ತದೆ, ಹಬೆ ಕೆಳಗಿನಿಂದ ಏರುತ್ತದೆ. ಪ್ರತಿ ತಟ್ಟೆಯಲ್ಲೂ ಆವಿ ತಣಿದು, ಮತ್ತೆ ಕಾದು, ಇನ್ನಷ್ಟು ಚೊಕ್ಕವಾಗುತ್ತದೆ. ಎಣ್ಣೆಯಂಥ ಭಾರದ ಅಂಶಗಳು ಹಿಂದುಳಿಯುತ್ತವೆ. ಐಚಿ ಪ್ರಾಂತ್ಯದಲ್ಲಿ 1972ರಲ್ಲಿ ಸ್ಥಾಪನೆಯಾದ ಸಂಟೋರಿಯ ಚಿತಾ ಡಿಸ್ಟಿಲರಿ ಕಂಬಗಳ ಲೆಕ್ಕದಲ್ಲೇ ಮೂರು ಬಗೆ ಇಳಿಸುತ್ತದೆ: ಎರಡು ಕಂಬ ಹಾದು ಬಂದರೆ ಗಟ್ಟಿ, ಮೂರಕ್ಕೆ ಮಧ್ಯಮ, ನಾಲ್ಕಕ್ಕೆ ತಿಳಿ.

ಜಪಾನಿನದೇ ಇನ್ನೊಂದು ಕಂಪನಿ ನಿಕ್ಕಾದ ದಾರಿ ಬೇರೆ. ಐನಿಯಾಸ್ ಕಾಫಿ 1830ರಲ್ಲಿ ಪೇಟೆಂಟ್ ಪಡೆದ ಮಾದರಿಯ ಸ್ಟಿಲ್ (ಭಟ್ಟಿ ಇಳಿಸುವ ಸಾಧನ) ಅನ್ನು ಅದು 1963ರಲ್ಲಿ ಸ್ಕಾಟ್ಲೆಂಡಿನಿಂದ ತರಿಸಿತು. 1999ರಿಂದ ಅದರ ನೆಲೆ ಸೆಂಡೈ ಬಳಿಯ ಮಿಯಾಗಿಕ್ಯೊ ಡಿಸ್ಟಿಲರಿ. (ಲೇಬಲ್ ಮೇಲಿನ ‘ಕಾಫಿ’ ಆ ಮನುಷ್ಯನ ಹೆಸರು, ನಮ್ಮ ಕಾಫಿ ಬೀಜಕ್ಕೆ ಸಂಬಂಧವಿಲ್ಲ.) ಹೊಸ ಕಂಬಗಳಷ್ಟು ಚೊಕ್ಕ ಮಾಡದಿರುವುದೇ ಈ ಹಳೆಯ ಸ್ಟಿಲ್‌ನ ಹೆಚ್ಚುಗಾರಿಕೆ, ಮೆಕ್ಕೆಜೋಳದ ಸಿಹಿಯೂ ಜಿಡ್ಡೂ ಉಳಿಯುತ್ತವೆ.

ಮದ್ಯ ತಿಳಿಯಾದಷ್ಟೂ ಓಕ್ ಪೀಪಾಯಿ ಎದ್ದು ಕಾಣುತ್ತದೆ. ಮರದ ಲಿಗ್ನಿನ್ ಒಡೆದು ವೆನಿಲಾ ಘಮದ ವೆನಿಲಿನ್ ಬರುತ್ತದೆ, ಓಕ್ ಲ್ಯಾಕ್ಟೋನ್ ಥೇಟ್ ಕೊಬ್ಬರಿಯ ಘಮ ಕೊಡುತ್ತದೆ. ಕೊಬ್ಬರಿ ಮಿಠಾಯಿ ತಿಂದು ಬೆಳೆದ ಮೂಗಿಗೆ ಇದನ್ನು ಹಿಡಿಯುವುದು ಕಷ್ಟವಲ್ಲ.

ಬಾಯಿ ಕಿರಿದಾದ ಲೋಟಕ್ಕೆ 20 ಮಿ.ಲೀ. ಹಾಕಿ, ಐದು ನಿಮಿಷ ಬಿಡಿ. ಮೂಗನ್ನು ಲೋಟದೊಳಗೆ ತೂರಿಸಬೇಡಿ. ಆಲ್ಕೋಹಾಲಿನ ಉರಿಗೆ ನವಿರು ವಾಸನೆಗಳು ಮುಚ್ಚಿಹೋಗುತ್ತವೆ. ತುಟಿ ಸ್ವಲ್ಪ ತೆರೆದು, ಎರಡು ಬೆರಳು ದೂರದಿಂದ ಮೂಸಿ. ಸಣ್ಣ ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಿ, ರುಚಿಗಿಂತ ಮೊದಲು ಮೈ ಗಮನಿಸಿ: ಕೆನೆಯಂತೆ ಅಂಟುತ್ತದೆಯೇ, ನೀರಿನಂತೆ ಜಾರುತ್ತದೆಯೇ? ಆಮೇಲೆ ಅರ್ಧರ್ಧ ಟೀ ಚಮಚ ನೀರು. ಶೇ. 45ರ ವಿಸ್ಕಿ 20 ಮಿ.ಲೀ.ಗೆ 10 ಮಿ.ಲೀ. ನೀರು ಸೇರಿದರೆ ಶೇ. 30ಕ್ಕೆ ಇಳಿಯುತ್ತದೆ, ಅದಕ್ಕೂ ಮುಂದೆ ಹೋದರೆ ಇದು ಬೇಗ ಸೊರಗುತ್ತದೆ. ಹೊಗೆ ವಾಸನೆಯ ವಿಸ್ಕಿಯೂ ಇದ್ದರೆ ಅದನ್ನು ಕೊನೆಗಿಡಿ.

ಐಸ್ ಹಾಕಿದರೆ ಘಮ ಆವಿಯಾಗುವುದೇ ಕಡಿಮೆ. ಹಾಗಿದ್ದೂ ಚಿತಾದ ತಿಳಿ ವಿಸ್ಕಿ ಐಸ್, ಸೋಡಾ ಬೆರೆಸಿದ ಹೈಬಾಲ್‌ನಲ್ಲಿ ಅರಳುತ್ತದೆ, ಏಕೆಂದರೆ ಘಮವನ್ನು ಮೂಗಿಗೆ ಎತ್ತುವ ಕೆಲಸ ಗುಳ್ಳೆಗಳದು. ಲೋಟದ ತುಂಬ ದಪ್ಪ ಐಸ್ ಹಾಕಿ ತಿರುಗಿಸಿ, ಕರಗಿದ ನೀರು ಚೆಲ್ಲಿ. 30 ಮಿ.ಲೀ. ವಿಸ್ಕಿ ಹಾಕಿ ಕಲಕಿದ ಮೇಲೆ ಫ್ರಿಜ್ಜಿನಲ್ಲಿ ತಣಿದ 120 ಮಿ.ಲೀ. ಸೋಡಾವನ್ನು ಐಸ್‌ಗೆ ತಾಗದಂತೆ ಅಂಚಿನಿಂದ ಇಳಿಸಿ. ಬೆಚ್ಚಗಿನ ಸೋಡಾದಲ್ಲಿ ಅನಿಲ ನಿಲ್ಲುವುದಿಲ್ಲ, ಐಸ್ ಮೇಲೆ ಸುರಿದರೂ ನೊರೆಯಾಗಿ ಹೋಗುತ್ತದೆ. ಚಮಚದಿಂದ ಒಮ್ಮೆ ಮೇಲಕ್ಕೆತ್ತಿದರೆ ಸಾಕು.