ಬಿಟ್ಟರೆ ನಿಲ್ಲುತ್ತದೆ, ಹಿಡಿದರೆ ಜಾರುತ್ತದೆ

ಮಲೆನಾಡಿನ ಅಡಿಕೆ ತೋಟದಲ್ಲಿ ಕೊನೆಗೌಡರು ಮರ ಹತ್ತುವುದನ್ನು ನೀವು ನೋಡಿರಬಹುದು. ಎರಡು ಪಾದಕ್ಕೂ ಸೇರಿಸಿ ಒಂದು ತಳೆ, ಅಂದರೆ ಬಳೆಯಂಥ ಕುಣಿಕೆ, ಅಷ್ಟೇ. ಆದರೆ ಈ ಉಪಾಯ ಕಂಬದಂಥ ಅಡಿಕೆ ಮರಕ್ಕೆ ಸರಿ. ಯುರೋಪಿನ ಹಳೆಯ ಓಕ್ ಮರವನ್ನು ಇಬ್ಬರು ಸೇರಿ ತಬ್ಬಿದರೂ ಕೈ ಕೂಡುವುದಿಲ್ಲ. ಅಲ್ಲಿ ಕೊಂಬೆ ಸವರುವವರು ಮರ ಹತ್ತುವುದಿಲ್ಲ, ಹಗ್ಗ ಹತ್ತುತ್ತಾರೆ.

ಹಗ್ಗವನ್ನು ಗಟ್ಟಿ ಕೊಂಬೆಯ ಮೇಲಿಂದ ಹಾಯಿಸಿ ಒಂದು ತುದಿಯನ್ನು ಸೊಂಟದ ಪಟ್ಟಿಗೆ ಸಿಕ್ಕಿಸುತ್ತಾರೆ. ಇನ್ನೊಂದು ಎಳೆಗೆ ಸಣ್ಣ ಹುರಿಯೊಂದನ್ನು ಸುತ್ತಿ, ಗಂಟು ಹಾಕಿ, ಅದನ್ನೂ ಸೊಂಟಕ್ಕೆ ಜೋಡಿಸುತ್ತಾರೆ. ಭಾರ ಬಿದ್ದರೆ ಈ ಗಂಟು ಬಿಗಿಯುತ್ತದೆ. ಭಾರ ತೆಗೆದರೆ ಸಲೀಸಾಗಿ ಮೇಲಕ್ಕೆ ಸರಿಯುತ್ತದೆ. ಇಂಥ ಒಂದು ಗಂಟನ್ನು 1931ರಲ್ಲಿ ಲೋಕಕ್ಕೆ ತೋರಿಸಿದವರು ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್.

ಗುಟ್ಟು ಇರುವುದು ಸುತ್ತಿನಲ್ಲಿ. ಹಗ್ಗವನ್ನು ಕಂಬಕ್ಕೆ ಸುತ್ತಿ ಕೊಬ್ಬಿದ ಹೋರಿಯನ್ನು ತಡೆದವರಿಗೆ ಇದು ಗೊತ್ತು. ಘರ್ಷಣೆಯ ಗುಣಾಂಕ, ಅಂದರೆ ಹಗ್ಗ ಮತ್ತು ಕಂಬ ಉಜ್ಜಿದಾಗ ಎಷ್ಟು ತಡೆ ಹುಟ್ಟುತ್ತದೆ ಎನ್ನುವ ಅಳತೆ, 0.25 ಎಂದುಕೊಳ್ಳಿ. ಒಂದು ಸುತ್ತು ಹಾಕಿದರೆ ನಿಮ್ಮ ಕೈಬಲಕ್ಕೆ ಸುಮಾರು 5 ಪಟ್ಟು ಎಳೆತವನ್ನು ತಡೆಯಬಹುದು. ಎರಡು ಸುತ್ತಿಗೆ 10 ಪಟ್ಟು ಅಲ್ಲ, 23. ಮೂರಕ್ಕೆ 111! ಇಲ್ಲಿ ಲೆಕ್ಕ ಕೂಡುವುದಲ್ಲ, ಗುಣಿಸುವುದು. ಗಂಟಿನ ಮುನಿಸಿಗೂ ಇದೇ ಕಾರಣ. ಹಗ್ಗ ಒದ್ದೆಯಾದರೆ, ಹುರಿ ಸವೆದರೆ ಗುಣಾಂಕ ಚೂರು ಬದಲಾಗುತ್ತದೆ, ಹಿಡಿತ ಮಾತ್ರ ಎಲ್ಲಿಂದೆಲ್ಲಿಗೋ ಹೋಗುತ್ತದೆ. ನಿನ್ನೆ ಸರಾಗವಾಗಿ ಇಳಿಸಿದ ಗಂಟು ಇವತ್ತು ಕಚ್ಚಿಕೊಂಡು ಕೂರುತ್ತದೆ.

ಗಂಟಿನ ಜಾಗಕ್ಕೆ ಯಂತ್ರ ಬಂದದ್ದು ಹೀಗೆ. ಫ್ರಾನ್ಸಿನ ಪೆಟ್ಜಲ್ ಕಂಪನಿಯ ಜಿಗ್‌ಜ್ಯಾಗ್ ಎಂಬ ಸಾಧನ ನೋಡಲು ಸೈಕಲ್ ಚೈನಿನ ತುಂಡಿನಂತಿದೆ. ಲೋಹದ ಕೊಂಡಿಗಳ ನಡುವೆ ಹಗ್ಗ ಹಾದುಹೋಗುತ್ತದೆ. ಭಾರ ಬಿದ್ದಾಗ ಕೊಂಡಿಗಳು ಅಂಕುಡೊಂಕಾಗಿ ಹಗ್ಗವನ್ನು ಅಮುಕುತ್ತವೆ. ಮೇಲಿನ ಸನ್ನೆಯನ್ನು (ಲಿವರ್) ಒತ್ತಿದರೆ ಸಾಲು ನೆಟ್ಟಗಾಗುತ್ತದೆ, ನೀವು ಇಳಿಯುತ್ತೀರಿ. ಬಿಸಿಯ ವಿಷಯದಲ್ಲೂ ಲೋಹವೇ ವಾಸಿ. 80 ಕಿಲೋ ತೂಕದವರು 20 ಮೀಟರ್ ಇಳಿದರೆ ಸುಮಾರು 15,700 ಜೂಲ್ ಶಾಖ ಹುಟ್ಟುತ್ತದೆ. ಅಷ್ಟೂ 400 ಗ್ರಾಂ ಅಲ್ಯೂಮಿನಿಯಂಗೆ ಹೋದರೂ ಬಿಸಿ ಏರುವುದು 40 ಡಿಗ್ರಿಗಿಂತ ಸ್ವಲ್ಪ ಜಾಸ್ತಿ. ಕೆಲವೇ ಗ್ರಾಂ ತೂಗುವ ನೈಲಾನ್ ಹುರಿಗೆ ಹೋದರೆ ಅದು ಕರಗಬಹುದು.

ಇಷ್ಟೆಲ್ಲ ತಿಳಿಯಲು ಅರ್ಧ ದಿನ ಸಾಕು. ಕಷ್ಟ ಕೊಡುವುದು ನಮ್ಮದೇ ಕೈ. ಕಾಲು ಜಾರಿತು ಎನ್ನಿ, ಕೈ ಏನು ಮಾಡುತ್ತದೆ? ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹಸುಗೂಸಿನ ಅಂಗೈಗೆ ಬೆರಳಿಟ್ಟರೂ ಹೀಗೇ ಅಲ್ವಾ? ಮಂಗನ ಮರಿ ತಾಯಿಯ ಹೊಟ್ಟೆಗೆ ಕಚ್ಚಿಕೊಳ್ಳುವ ಅದೇ ಹಿಡಿತ. ಮರದ ಮೇಲೆ ಬಾಳಿದ ಹಿರಿಯರಿಂದ ಬಂದ ಈ ಬುದ್ಧಿಯೇ ಈಗ ಮರದ ಮೇಲೆ ಅಪಾಯ. ಯಾಕೆಂದರೆ ಹೆದರಿದ ಕೈ ಹೋಗಿ ಹಿಡಿಯುವುದು ಆ ಸನ್ನೆಯನ್ನೇ. ಹಿಡಿದಷ್ಟೂ ಜಾರುತ್ತೀರಿ, ಬಿಟ್ಟರೆ ನಿಲ್ಲುತ್ತೀರಿ. ಹಳೆಯ ಗಂಟಿಗೂ ಇದೇ ಗುಣವಿತ್ತು.

ಹಗ್ಗದ ಮೇಲೆ ಕೆಲಸ ಮಾಡುವ ಬೇರೆ ಕಸುಬಿನವರ ಕೆಲವು ಸಾಧನಗಳಲ್ಲಿ ಹಿಡಿಕೆಯನ್ನು ಅತಿಯಾಗಿ ಎಳೆದರೆ ತಾನೇ ಬೀಗ ಬೀಳುತ್ತದೆ. ಮರದಲ್ಲಿ ನಿಮಿಷಕ್ಕೆ ನಾಲ್ಕು ಸಲ ಒಂದು ಗೇಣು ಮೇಲೆ, ಒಂದು ಗೇಣು ಕೆಳಗೆ ಸರಿಯಬೇಕು. ಆ ಬೀಗ ಅಲ್ಲಿ ಕಿರಿಕಿರಿಯೇ ಸರಿ. ಹಾಗಾಗಿ ಪಾಠ ಕೈಗೇ ಆಗಬೇಕು. ನೆಲದಿಂದ ಎರಡಡಿ ಮೇಲೆ ಕೂತು ಇಳಿ, ಬಿಡು, ನಿಲ್ಲು. ಮತ್ತೆ ಇಳಿ, ಬಿಡು, ನಿಲ್ಲು. ಇಳಿಯುವಾಗ ಇನ್ನೊಂದು ಕೈ ಸಾಧನದ ಕೆಳಗಿನ ಹಗ್ಗದ ಮೇಲೆ. ಹಗ್ಗದ ದಪ್ಪವೂ ಸಾಧನಕ್ಕೆ ಹೇಳಿದಷ್ಟೇ ಇರಬೇಕು. ತೆಳ್ಳಗಿದ್ದರೆ ಕೊಂಡಿಗಳು ಕಚ್ಚುವುದಿಲ್ಲ.

ಪಳಗಿದವರೂ ನೆಲ ಬಿಡುವ ಮೊದಲು ಮಂಡಿ ಮಡಚಿ ಪೂರ್ತಿ ತೂಕವನ್ನು ಹಗ್ಗಕ್ಕೆ ಬಿಡುತ್ತಾರೆ. ಮೇಲೆ ಕೊಂಬೆ ಕಿರ್ರೆನ್ನುತ್ತದೆ. ಸನ್ನೆಯ ಮೇಲಿಂದ ಕೈ ತೆಗೆಯುತ್ತಾರೆ. ಜಾರದಿದ್ದರೆ ಹತ್ತಲು ಶುರು.