ಸೋಡಿಯಂ ಕಮ್ಮಿ ಅಂದ್ರೆ ಉಪ್ಪು ಕಮ್ಮಿನಾ?

ನಮ್ಮ ಅತ್ತೆಗೆ ಎಪ್ಪತ್ತೆರಡು ವರ್ಷ. ಒಂದು ಬೆಳಿಗ್ಗೆ ಇವತ್ತು ಯಾವ ವಾರ ಅಂತ ಮೂರು ಸಲ ಕೇಳಿದರು. ಒಲೆ ಮೇಲಿನ ಹಾಲು ಉಕ್ಕಿ ಹರಿಯುತ್ತಿದ್ದರೂ ಸುಮ್ನೆ ನೋಡುತ್ತಾ ನಿಂತಿದ್ದರು. ಆಸ್ಪತ್ರೆಗೆ ಕರೆದುಕೊಂಡು ಹೋದರೆ, ರಕ್ತದ ರಿಪೋರ್ಟಿನಲ್ಲಿ ಸೋಡಿಯಂ, ಅಂದರೆ ಅಡುಗೆ ಉಪ್ಪಿನಲ್ಲಿರುವ ಒಂದು ಅಂಶ, 121. ಇರಬೇಕಾದ್ದು 135ರಿಂದ 145. ಸುದ್ದಿ ಗೊತ್ತಾದದ್ದೇ ತಡ, ನೆಂಟರೆಲ್ಲರದೂ ಒಂದೇ ಸಲಹೆ: ಮಜ್ಜಿಗೆಗೆ ಉಪ್ಪು ಜಾಸ್ತಿ ಹಾಕಿ ಕೊಡಿ.

ಆದರೆ ಈ 121 ಅನ್ನೋದು ಮೈಯಲ್ಲಿ ಒಟ್ಟು ಎಷ್ಟು ಉಪ್ಪಿದೆ ಅನ್ನುವ ಲೆಕ್ಕವಲ್ಲ, ರಕ್ತದ ಒಂದು ಲೀಟರ್ ದ್ರವದಲ್ಲಿ ಸೋಡಿಯಂ ಎಷ್ಟಿದೆ ಅನ್ನುವ ಲೆಕ್ಕ. ಸಾರು ಸಪ್ಪೆಯಾಗಿದ್ದರೆ ಉಪ್ಪು ಕಮ್ಮಿ ಬಿದ್ದಿರಬಹುದು, ಇಲ್ಲಾ ನೀರು ಜಾಸ್ತಿ ಆಗಿರಬಹುದು, ಅಲ್ವಾ? ವಯಸ್ಸಾದವರಲ್ಲಿ ಬಹಳ ಸಲ ನೀರಿನದೇ ತಕರಾರು.

ಯಾಕೆಂದರೆ ಉಪ್ಪು ಉಳಿಸುವುದರಲ್ಲಿ ಕಿಡ್ನಿ ಮಹಾ ಜಿಪುಣ. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತದೆ. ಅದರಲ್ಲಿರುವ ಸೋಡಿಯಮ್ಮನ್ನು ಅಡುಗೆ ಉಪ್ಪಿನ ಲೆಕ್ಕಕ್ಕೆ ತಂದರೆ ಹತ್ತಿರ ಹತ್ತಿರ ಒಂದೂವರೆ ಕಿಲೋ! ಅದರಲ್ಲಿ ನೂರಕ್ಕೆ 99 ಪಾಲು ವಾಪಸ್ ರಕ್ತಕ್ಕೆ ಹೋಗುತ್ತದೆ. ಉಳಿದ ಚೂರುಪಾರಿನ ಮೇಲೇ ಎಲ್ಲ ಚೌಕಾಸಿ. ಉಪ್ಪು ಸಾಲದಿದ್ದರೆ ಕಿಡ್ನಿಯ ನೆತ್ತಿ ಮೇಲೆ ಟೋಪಿಯಂತೆ ಕೂತಿರುವ ಗ್ರಂಥಿ ಆಲ್ಡೋಸ್ಟೆರೋನ್ ಎಂಬ ಹಾರ್ಮೋನು ಕಳಿಸಿ, ಅದನ್ನೂ ಬಿಡಬೇಡ ಅನ್ನುತ್ತದೆ. ಜಾಸ್ತಿಯಾದರೆ ಬಿಟ್ಟುಬಿಡು ಅನ್ನುವವರಲ್ಲಿ ಹೃದಯವೂ ಒಂದು. 1981ರಲ್ಲಿ ಕೆನಡಾದ ಅಡಾಲ್ಫೊ ಡಿ ಬೋಲ್ಡ್ ಮತ್ತು ಜೊತೆಗಾರರು ಇಲಿಯ ಹೃದಯದ ಮೇಲಿನ ಕೋಣೆಗಳನ್ನು ಅರೆದು, ಆ ರಸವನ್ನು ಬೇರೆ ಇಲಿಗಳಿಗೆ ಚುಚ್ಚಿದರು. ಅವು ಉಪ್ಪುಪ್ಪಾದ ಮೂತ್ರವನ್ನು ಧಾರಾಳವಾಗಿ ಸುರಿಸಿದವು. ಹೃದಯ ಬರೀ ಪಂಪು ಅಂದುಕೊಂಡಿದ್ದವರಿಗೆ ಅದು ಹೊಸ ವಿಷಯ. ಇನ್ನು ಅಮೆಜಾನ್ ಕಾಡಿನ ಯಾನೊಮಾಮಿ ಜನ ದಿನಕ್ಕೆ ಒಂದು ಗ್ರಾಂಗೂ ಕಮ್ಮಿ ಉಪ್ಪಿನಲ್ಲಿ ಬದುಕಿದವರು, ಅವರ ಮೂತ್ರದಲ್ಲಿ ಸೋಡಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ.

ಸೋರುವ ಇನ್ನೊಂದು ದಾರಿ ಬೆವರು. ಕಪ್ಪು ಅಂಗಿ ಹಾಕಿಕೊಂಡು ಬಿಸಿಲಲ್ಲಿ ದುಡಿದವರ ಬೆನ್ನು ನೋಡಿ, ಒಣಗಿದ ಮೇಲೆ ಬಿಳಿ ಗೆರೆಗಳ ನಕಾಶೆ ಮೂಡಿರುತ್ತದೆ. ಬೆವರು ಗ್ರಂಥಿಯ ತಳದಲ್ಲಿ ಹುಟ್ಟುವಾಗ ಹೆಚ್ಚುಕಡಿಮೆ ರಕ್ತದಷ್ಟೇ ಉಪ್ಪಾಗಿರುತ್ತದೆ, ಕೊಳವೆಯಲ್ಲಿ ಮೇಲೆ ಬರುತ್ತಾ ಬರುತ್ತಾ ಚರ್ಮ ಅದರಿಂದ ಸೋಡಿಯಂ ಕಿತ್ತುಕೊಳ್ಳುತ್ತದೆ. ಧಾರಾಕಾರ ಬೆವರಿದರೆ ಕಿತ್ತುಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲ. ಬೆಂಗಳೂರಿನಿಂದ ಏಪ್ರಿಲ್‌ನಲ್ಲಿ ರಾಯಚೂರಿಗೆ ಹೋದವರು ಒಂದೆರಡು ವಾರ ಬಿಸಿಲಲ್ಲಿ ಓಡಾಡಿದರೆ ಬೆವರು ಜಾಸ್ತಿಯಾಗುತ್ತದೆ, ಆದರೆ ಸಪ್ಪೆಯಾಗುತ್ತದೆ. ಅಲ್ಲೂ ಆಲ್ಡೋಸ್ಟೆರೋನಿನದೇ ಕೈವಾಡ.

ನಿಜವಾಗಿ ಉಪ್ಪೇ ಖಾಲಿಯಾದರೆ? 1930ರ ದಶಕದಲ್ಲಿ ಇಂಗ್ಲೆಂಡಿನ ಮೆಕಾನ್ಸ್ ಎಂಬ ವೈದ್ಯರು ಕೆಲವರಿಗೆ ಉಪ್ಪಿಲ್ಲದ ಊಟ ಹಾಕಿ, ಬೆವರಿಳಿಸಿ ನೋಡಿದರು. ಮೊದಲ ದಿನಗಳಲ್ಲಿ ಅವರ ತೂಕ ಇಳಿಯಿತು. ಹದ ಕೆಡಬಾರದು ಅಂತ ಮೈ ನೀರನ್ನೂ ಹೊರಗೆ ಹಾಕಿತ್ತು! ಆಮೇಲೆ ಸ್ನಾಯು ಹಿಡಿದುಕೊಳ್ಳುವುದು, ವಿಪರೀತ ಸುಸ್ತು, ಊಟ ರುಚಿಸದಿರುವುದು ಎಲ್ಲ ಶುರುವಾಯಿತು.

ಅತ್ತೆಯ ಕಥೆ ಬೇರೆ. ಅವರು ನುಂಗುತ್ತಿದ್ದ ಒಂದು ಜಾತಿಯ ಬಿಪಿ ಮಾತ್ರೆ ಉಪ್ಪನ್ನು ಸ್ವಲ್ಪ ಹೊರಗೆ ಕಳಿಸುತ್ತದೆ, ಅದಕ್ಕಿಂತ ಮುಖ್ಯವಾಗಿ ಹೆಚ್ಚಾದ ನೀರನ್ನು ಹೊರಹಾಕುವ ಕಿಡ್ನಿಯ ಕೆಲಸಕ್ಕೆ ಅಡ್ಡ ಬರುತ್ತದೆ. (ಎಲ್ಲ ಬಿಪಿ ಮಾತ್ರೆಯೂ ಹೀಗಲ್ಲ, ನೀವಾಗಿಯೇ ನಿಲ್ಲಿಸಬೇಡಿ.) ಸಾಲದ್ದಕ್ಕೆ ಯಾವುದೋ ವಿಡಿಯೋ ನೋಡಿ ದಿನಕ್ಕೆ ನಾಲ್ಕು ಲೀಟರ್ ನೀರು ಬೇರೆ. ರಕ್ತ ತೆಳುವಾದಾಗ ಮಿದುಳಿನ ಕೋಶಗಳು ನೀರು ಹೀರಿ ಊದಿಕೊಳ್ಳುತ್ತವೆ, ಅದಕ್ಕೇ ಆ ಗಲಿಬಿಲಿ. ನಿಧಾನವಾಗಿ ಇಳಿದ ಸೋಡಿಯಮ್ಮನ್ನು ಗಡಿಬಿಡಿಯಲ್ಲಿ ಏರಿಸುವ ಹಾಗೂ ಇಲ್ಲ, ಮಿದುಳಿನ ನರಗಳ ಹೊದಿಕೆಗೇ ಪೆಟ್ಟಾಗಬಹುದು. ಡಾಕ್ಟರು ದಿನಕ್ಕೆ ಎಂಟು ಹತ್ತು ಅಂಕ ದಾಟದಂತೆ ಏರಿಸಿದರು, ಮಾತ್ರೆ ಬದಲಿಸಿದರು, ನೀರಿಗೆ ಅಳತೆ ಹಾಕಿದರು.

ಈಗ ಅತ್ತೆ ದಿನದ ನೀರನ್ನು ಒಂದು ಚೊಂಬಿನಲ್ಲಿ ಅಳೆದಿಟ್ಟುಕೊಂಡಿರುತ್ತಾರೆ. ಕಾಫಿಯೂ ಈ ಲೆಕ್ಕಕ್ಕೆ ಬರುತ್ತಾ ಅಂತ ಡಾಕ್ಟರನ್ನು ಕೇಳಿದ್ದರು. ಬರುತ್ತೆ ಅಂದಾಗಿನಿಂದ ಅವರ ಮೇಲೆ ಮುನಿಸು.