ಎರ್ಸಾಂ ಯಾವ ಪಕ್ಷ ಎಂದು ಕೇಳಬೇಡಿ

ಫ್ರೆಂಚ್ ಪತ್ರಿಕೋದ್ಯಮಿ ರೊಬೇರ್ ಎರ್ಸಾಂ (1920–1996) ಹೆಸರೆತ್ತಿದರೆ ಸಾಕು, ‘ಆತ ಯಾವ ಪಕ್ಷದವನು?’ ಎಂದು ಶುರುವಾಗುತ್ತದೆ. ಯುದ್ಧಕಾಲದಲ್ಲಿ ಜರ್ಮನ್ನರ ಪರ ನಿಂತದ್ದಕ್ಕೆ 1947ರಲ್ಲಿ ಹತ್ತು ವರ್ಷ ನಾಗರಿಕ ಹಕ್ಕು ಕಳೆದುಕೊಂಡ, 1952ರಲ್ಲಿ ಕ್ಷಮಾದಾನ ಪಡೆದ. 1956ರಲ್ಲಿ ಸಂಸದನಾದ. 1984ರಲ್ಲಿ ಸಿಮೋನ್ ವೇಲ್ ಅವರ ಬಲಪಂಥೀಯ ಪಟ್ಟಿಯಿಂದ ಯುರೋಪಿಯನ್ ಸಂಸತ್ತಿಗೆ ಹೋದ. ಇಷ್ಟೂ ತಿಳಿದರೂ 1975ರಲ್ಲಿ ‘ಲ ಫಿಗಾರೊ’, ಮರುವರ್ಷ ‘ಫ್ರಾನ್ಸ್ ಸ್ವಾರ್’, 1978ರಲ್ಲಿ ‘ಲೊರೊರ್’ ಎಂಬ ದಿನಪತ್ರಿಕೆಗಳು ಒಂದೇ ಕೈಗೆ ಬಂದದ್ದು ಹೇಗೆಂದು ಗೊತ್ತಾಗುವುದಿಲ್ಲ. ಅದಕ್ಕೆ ಕಾನೂನಿನ ಕ್ರಿಯಾಪದ ನೋಡಬೇಕು.

1944ರ ಸುಗ್ರೀವಾಜ್ಞೆ ಒಬ್ಬನು ಒಂದಕ್ಕಿಂತ ಹೆಚ್ಚು ದಿನಪತ್ರಿಕೆಯನ್ನು ‘ನಿರ್ದೇಶಿಸು’ವುದನ್ನು ತಡೆದಿತ್ತು. ಅದನ್ನು ಗಟ್ಟಿಯಾಗಿ ಜಾರಿಮಾಡಿದವರಿಲ್ಲ. ಎರ್ಸಾಂ ಮೇಲೆ ಕಣ್ಣಿಟ್ಟೇ ಎಡ ಸರ್ಕಾರ 1984ರಲ್ಲಿ, ಪತ್ರಿಕೆಗಳು ಒಬ್ಬನ ಕೈಯಲ್ಲೇ ಸೇರುವುದನ್ನು ತಡೆಯುವ ಹೊಸ ಕಾನೂನು ತಂದಿತು. ಆದರೆ ಆಗಲೇ ನ್ಯಾಯಬದ್ಧವಾಗಿ ಕೈಯಲ್ಲಿದ್ದ ಪತ್ರಿಕೆಗಳಿಗೆ ಅದನ್ನು ಅನ್ವಯಿಸುವಂತಿಲ್ಲ ಎಂದಿತು, ಕಾನೂನುಗಳು ಸಂವಿಧಾನಕ್ಕೆ ಒಪ್ಪುತ್ತವೆಯೇ ಎಂದು ನೋಡುವ ಸಂವಿಧಾನ ಮಂಡಳಿ. ಆತ ಆ ಕಾನೂನಿದ್ದಾಗಲೇ, 1986ರ ಜನವರಿಯಲ್ಲಿ, ಲಿಯೋನ್ ನಗರದ ‘ಲ ಪ್ರೊಗ್ರೆ’ ಪತ್ರಿಕೆಯನ್ನು ಕೊಂಡ. ಮಾರ್ಚಿನಲ್ಲಿ ಸರ್ಕಾರ ಬದಲಾಗುವುದೆಂಬ ಲೆಕ್ಕವಿತ್ತೇನೋ, ಬದಲಾಯಿತಂತೂ ನಿಜ.

ಹೊಸ ಸರ್ಕಾರದ ಮಸೂದೆ ಬೇನಾಮಿ ಖರೀದಿಗೆ ದಾರಿ ಬಿಟ್ಟಿದೆಯೆಂದು ಮಂಡಳಿ ಅದರ ಆ ಕಲಮನ್ನು ರದ್ದುಮಾಡಿತು. ನವೆಂಬರಿನಲ್ಲಿ ತಿದ್ದಿ ಬಂದದ್ದೇ ದಿನಪತ್ರಿಕೆಗಳ ಒಟ್ಟು ಪ್ರಸಾರದ 30% ಮಿತಿ. ಎಲ್ಲರೂ ತಪ್ಪು ಓದುವುದು ಇಲ್ಲೇ. ‘30%ಗಿಂತ ಹೆಚ್ಚು ಹೊಂದುವಂತಿಲ್ಲ’ ಎಂದು ಅಲ್ಲಿಲ್ಲ. ಖರೀದಿಯಿಂದಾಗಿ 30% ದಾಟಿದರೆ ಆ ಖರೀದಿ ಅಸಿಂಧು, ಅಷ್ಟೇ.

ದೇಶದ ರಾಜಕೀಯ-ಸಾಮಾನ್ಯ ಸುದ್ದಿಯ ದಿನಪತ್ರಿಕೆಗಳ ಒಟ್ಟು ಪ್ರಸಾರ ಒಂದು ಕೋಟಿ ಪ್ರತಿ ಎಂದಿಟ್ಟುಕೊಳ್ಳಿ. ನಿಮ್ಮದು 29 ಲಕ್ಷ. ಎರಡು ಲಕ್ಷ ಪ್ರತಿಯ ಪತ್ರಿಕೆ ಕೊಂಡರೆ 31 ಲಕ್ಷ, ಖರೀದಿ ಬಿತ್ತು. ಬದಲಿಗೆ ಬೆಲೆ ಇಳಿಸಿ ನಿಮ್ಮ ಪತ್ರಿಕೆಗೇ ಓದುಗರನ್ನು ಸೆಳೆದು 35 ಲಕ್ಷ ಮಾಡಿಕೊಂಡರೆ ಕಾನೂನು ಕೇಳುವುದಿಲ್ಲ. ಎದುರಾಳಿಗಳು ಮುಚ್ಚಿಕೊಂಡು ನಿಮ್ಮ ಪಾಲು 40%ಗೆ ಏರಿದರೂ ಅಷ್ಟೆ. ವಾರಪತ್ರಿಕೆ ಎಷ್ಟೇ ಕೊಂಡರೂ ಈ ಲೆಕ್ಕಕ್ಕೆ ಸೇರದು. ಕ್ರೀಡಾ ದಿನಪತ್ರಿಕೆಯೂ ಸೇರದು. ಆಮೇಲೆ ಈ ಕಾನೂನಿಗೆ ತಿದ್ದುಪಡಿಗಳಾಗಿವೆ; ಇಲ್ಲಿ ಹೇಳಿದ್ದು ಮೂಲ ಚೌಕಟ್ಟನ್ನು ಮಾತ್ರ.

2004ರಲ್ಲಿ ಎರ್ಸಾಂ ಸಮೂಹವನ್ನು ಯುದ್ಧವಿಮಾನ ತಯಾರಕ ಸೆರ್ಜ್ ದಸೋ ಕೊಂಡರು. ಅದೇ ವರ್ಷ ಸೆನೆಟಿಗೂ ಆರಿಸಿಬಂದರು. 30%ರ ಲೆಕ್ಕದಲ್ಲಿ ವಿಮಾನ ಕಾರ್ಖಾನೆಗೆ, ಸೆನೆಟ್ ಸ್ಥಾನಕ್ಕೆ ಕಾಲಂ ಇಲ್ಲ.